ಗಂಟೆ ತೆಗೆದ ಫೋನು

ಲೈನಿನಲ್ಲಿ ಜೀವ ಇದೆಯೋ ಇಲ್ಲವೋ ನೋಡಲು ನಾವು ತಂತಿಯ ತುದಿಯನ್ನು ನಾಲಿಗೆಗೆ ತಾಗಿಸುತ್ತಿದ್ದೆವು. ಟೆಸ್ಟ್ ಫೋನು ಕಾಯಂ ನೌಕರರ ಹೆಗಲ ಮೇಲಿರುತ್ತಿತ್ತು. ನನ್ನಂಥ ದಿನಗೂಲಿಯವನಿಗೆ ನಾಲಿಗೆಯೇ ಗತಿ. ಚುರ್ ಎಂದರೆ ಲೈನು ಬಂದಿದೆ ಎಂದರ್ಥ. ಅದೇ ಗಳಿಗೆಗೆ ಯಾರಾದರೂ ಪುಣ್ಯಾತ್ಮರು ಆ ನಂಬರಿಗೆ ಫೋನ್ ಹಚ್ಚಿದರೋ, ಗಂಟೆ ಬಾರಿಸುವ ಕರೆಂಟು ನೇರ ಬಾಯೊಳಗೆ ನುಗ್ಗಿ, ಏಣಿಯ ಮೇಲಿಂದ ಉರುಳುವುದೊಂದೇ ಬಾಕಿ. ಅವರ ಕುಲಕೋಟಿಯನ್ನೆಲ್ಲ ಬಯ್ದು ಮತ್ತೆ ಕೆಲಸಕ್ಕೆ ನಿಲ್ಲುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಮನೆ ಹಾವೇರಿಯಲ್ಲಿ. ಕೆಲಸ ಇಂದು ರಾಣೆಬೆನ್ನೂರು, ನಾಳೆ ಬ್ಯಾಡಗಿ, ನಾಡಿದ್ದು ಹಾವೇರಿಯಲ್ಲೇ ಯಾವುದೋ ವಕೀಲರ ಮಾಳಿಗೆ. ಕಂಬದಿಂದ ಮನೆಗೆ ತಂತಿ ಎಳೆಯುವುದು, ಗೋಡೆಗೆ ಮರದ ಪಟ್ಟಿ ಬಡಿದು ಅದರ ಮೇಲೆ ಕ್ಲಿಪ್ಪು ಹಾಕುವುದು, ಪಡಸಾಲೆಯ ಗೋಡೆಯ ಮೇಲೆ ಪುಟ್ಟ ಡಬ್ಬಿ ಕೂರಿಸಿ ಅದರೊಳಗಿನ ಎರಡು ಸ್ಕ್ರೂಗಳಿಗೆ ಎರಡು ಎಳೆ ಬಿಗಿಯುವುದು. ಅಷ್ಟೇ. ಏಳು ವರ್ಷ ಅದನ್ನೇ ಮಾಡಿದ್ದೆ. ಕಾಯಂ ಆಗುವವರ ಹೆಸರಿನ ಯಾದಿ ಬರುತ್ತದೆ, ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಸಂಜೆ ಮನೆಗೆ ಹೋದೊಡನೆ ನನ್ನ ಹೆಂಡತಿ ಕೈಕಾಲು ತೊಳೆಯಲು ನೀರು ಕೊಡುತ್ತ ಅದನ್ನೇ ಕೇಳುತ್ತಿದ್ದಳು. ನಾನು ಸಿಡುಕುತ್ತಿದ್ದೆ. ಅವಳು ಕೇಳುವುದನ್ನು ಬಿಡಲಿಲ್ಲ.

ಫೋನಿಗೆ ಅರ್ಜಿ ಹಾಕಿ ನಾಲ್ಕೈದು ವರ್ಷ ಕಾಯುವ ಕಾಲ ಅದು. ಹಾಗಾಗಿ ನಾವು ಏಣಿ ಹೊತ್ತು ಬಂದೆವೆಂದರೆ ಮನೆಗೆ ಬೀಗರು ಬಂದಷ್ಟು ಮರ್ಯಾದೆ. ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಛಾಪಖಾನೆಗೆ ಹಾಗೆಯೇ ಫೋನು ಕೂರಿಸಲು ಹೋಗಿದ್ದೆ. ಲಗ್ನಪತ್ರಿಕೆ, ರಸೀದಿ ಪುಸ್ತಕ ಅಚ್ಚು ಹಾಕುವ ಜಾಗ. ಮಾಲೀಕರ ಸಂಸಾರ ಅದರ ಹಿಂದೆಯೇ. ಮಾಲೀಕರದು ಮಾತು ಕಡಿಮೆ. ಅವರ ಹೆಂಡತಿ ಅದಕ್ಕೆ ಪೂರಾ ಉಲ್ಟಾ. ನಾನು ಡಬ್ಬಿಯ ಸ್ಕ್ರೂ ಬಿಗಿಯುವಷ್ಟರಲ್ಲಿ ಎರಡು ಸಲ ಚಹಾ ಕೊಟ್ಟು, ತಮ್ಮ ಮನೆಯ ಇತಿಹಾಸವನ್ನೆಲ್ಲ ಹೇಳಿ ಮುಗಿಸಿದ್ದರು.

"ಇದರಿಂದ ಬ್ಯಾಡಗಿಗೆ ಹಚ್ಚಬಹುದಲ್ರಿ? ನಮ್ಮ ನಾದಿನೀನ ಅಲ್ಲೆ ಕೊಟ್ಟೈತಿ. ಮೆಣಸಿನಕಾಯಿ ಅಡತಿ ಅಂಗಡಿಯವ್ರು. ಭಾಳ ದೊಡ್ಡ ಮನಿ."

"ಹಚ್ಚಬಹುದ್ರಿ. ಈಗ ನೇರ ಹತ್ತತೈತಿ."

"ಹಂಗಾರ ನೀವs ಹಚ್ಚಿ ಕೊಡ್ರಿ. ನನಗ ಅಂಜಿಕಿ ಬರತೈತಿ."

ಹಚ್ಚಿಕೊಟ್ಟೆ. ಆ ಕಡೆ ಫೋನೆತ್ತಿದ್ದು ನಾದಿನಿಯೇ. ಈಯಮ್ಮ "ನಾನವಾ, ನಿಮ್ಮ ವೈನಿ" ಎಂದವರೇ ಮುಂದೆ ಮಾತು ಬಾರದೆ ಅತ್ತುಬಿಟ್ಟರು. ಇಪ್ಪತ್ತು ಮೈಲಿಯೂ ದೂರವಿಲ್ಲದ ಊರಿಗೆ ಇಷ್ಟು ಅಳುವುದೇಕೆ ಎಂದು ನನಗೆ ನಗು ಬಂತು. ಆಮೇಲೆ ತಿಳಿಯಿತು, ತಾಯಿ ಇಲ್ಲದ ಆ ಹುಡುಗಿಯನ್ನು ಶಾಲೆಗೆ ಕಳಿಸಿ, ಮಾಸ್ತರಿಕೆಯ ಟ್ರೇನಿಂಗ್ ಕೊಡಿಸಿ, ಮದುವೆ ಮಾಡಿಕೊಟ್ಟವರು ಈ ವೈನಿಯೇ, ಅಣ್ಣನ ಹೆಂಡತಿ. ಅತ್ತೆಯ ಮನೆಯವರು ಸೊಸೆಯನ್ನು ತವರಿಗೆ ಕಳಿಸುವುದು ವರ್ಷಕ್ಕೊಮ್ಮೆ, ಅದೂ ಪಂಚಮಿಗೆ.

ಇದಾಗಿ ಕೆಲವು ತಿಂಗಳಿಗೆ ನಾನು ಬ್ಯಾಡಗಿಯ ಅದೇ ಮನೆಗೆ ಹೋಗಬೇಕಾಯಿತು. ಆ ಹುಡುಗಿಯ ಮಾವ, ಅಡತಿ ಅಂಗಡಿಯ ಸಾವಕಾರರೇ ಹೇಳಿ ಕಳಿಸಿದ್ದರು. ಪಡಸಾಲೆಯಲ್ಲಿ ಅವರ ಫೋನು ಮೊದಲಿನಿಂದ ಇತ್ತು. ಅದರಿಂದ ಇನ್ನೊಂದು ತಂತಿ ಎಳೆದು ಒಳಕೋಣೆಯಲ್ಲಿ ಇನ್ನೊಂದು ಫೋನು ಬೇಕಂತೆ. ಅರ್ಜಿ ಕೊಡದೆ ಹಾಗೆ ಎರಡನೆಯ ಫೋನು ಹಾಕುವುದು ಕಾಯಿದೆಗೆ ವಿರುದ್ಧ. ಆದರೆ ದೊಡ್ಡ ಮನೆಗಳಲ್ಲಿ ಎಲ್ಲರೂ ಹಾಕಿಸುತ್ತಿದ್ದರು, ನಾವೆಲ್ಲರೂ ಹಾಕುತ್ತಿದ್ದೆವು.

"ಮನಿಯಾಕಿಗೆ ಬೀಪಿ ಐತಿ. ಎದ್ದು ಹೊರಗ ಬರಾಕ ಆಗಂಗಿಲ್ಲ," ಎಂದರು ಸಾವಕಾರರು. "ಒಳಗಿನ ಫೋನಿಗೆ ಗಂಟಿ ಬ್ಯಾಡ. ಗಂಟಿ ಸಪ್ಪಳ ಆದ್ರ ಆಕಿಗೆ ಎದಿ ಧಸಕ್ ಅಂತೈತಿ."

ನಾನು ಮೂರ್ಖನಲ್ಲ. ಬೀಪಿ ಇದ್ದವರಿಗೆ ಗಂಟೆಯಿಲ್ಲದ ಫೋನು ಯಾವ ಉಪಯೋಗಕ್ಕೆ ಎಂದು ತಲೆಯಲ್ಲಿ ಹೊಳೆಯಿತು. ಒಂದೇ ಲೈನಿನ ಮೇಲೆ ಎರಡು ಫೋನಿದ್ದರೆ ಒಂದರಲ್ಲಿ ಚಕ್ರ ತಿರುಗಿಸಿದಾಗ ಇನ್ನೊಂದರ ಗಂಟೆ ಟಿಣ್ ಟಿಣ್ ಎಂದು ಸಣ್ಣಗೆ ಸದ್ದು ಮಾಡುತ್ತದೆ. ಆ ಸದ್ದೇ ಇಲ್ಲದಿದ್ದರೆ ಪಡಸಾಲೆಯಲ್ಲಿ ಮಾತಾಡುವವರಿಗೆ ಒಳಗೊಂದು ಫೋನಿದೆ, ಅದನ್ನೆತ್ತಿ ಯಾರೋ ಕೇಳುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಇಷ್ಟನ್ನೂ ನಾನು ಬಲ್ಲೆ. ಆದರೆ ಸಾವಕಾರರು ಅದರ ಬೆನ್ನಿಗೇ, "ನಿಂದೇನಪಾ, ಇನ್ನೂ ಕಾಯಂ ಆಗಿಲ್ಲಂತಲ್ಲ? ಹಾವೇರಿ ಸಾಹೇಬ್ರು ನಮ್ಮ ಅಂಗಡಿಗೆ ಬರತಿರ್ತಾರ. ಒಂದು ಮಾತ ಹಾಕ್ತೇನಿ ತಗೋ," ಎಂದರು. ನಾನು ಆ ಫೋನಿನ ತಳ ಬಿಚ್ಚಿ, ಗಂಟೆಗೆ ಹೋಗುವ ಎಳೆಯನ್ನು ಕಳಚಿ, ತುದಿಗೆ ಟೇಪು ಸುತ್ತಿದೆ. ತಂತಿಯನ್ನು ಕಿಟಕಿಯ ಚೌಕಟ್ಟಿನ ಹಿಂದಿನಿಂದ ಒಯ್ದೆ. ಕೆಲಸ ಅಚ್ಚುಕಟ್ಟಾಗಿತ್ತು. ಅದರಲ್ಲಿ ನನ್ನನ್ನು ಮೀರಿಸುವವರು ಮೂರು ಊರಲ್ಲೂ ಇರಲಿಲ್ಲ.

ಆ ಹೊತ್ತು ಸೊಸೆ ಮನೆಯಲ್ಲಿರಲಿಲ್ಲ. ಗಂಡನ ಜೊತೆ ಯಾರದೋ ಸೀಮಂತಕ್ಕೆ ಹೋಗಿದ್ದಳು. ಕೆಲಸಕ್ಕೆ ಆ ದಿನವನ್ನೇ ಆರಿಸಿದ್ದರೆಂದು ನನಗೆ ಆಮೇಲೆ ತಿಳಿದದ್ದು. ಆಗಲೇ ತಿಳಿದಿದ್ದರೂ ಏನು ಮಾಡುತ್ತಿದ್ದೆ, ಗೊತ್ತಿಲ್ಲ. ಬಹುಶಃ ಅದನ್ನೇ ಮಾಡುತ್ತಿದ್ದೆ.

ಮೂರು ತಿಂಗಳ ನಂತರ ಆ ಮನೆಯಿಂದ ದೂರು ಬಂತು. ಮಾತಾಡುವಾಗ ನಡುವೆಯೇ ದನಿ ಸಣ್ಣಗಾಗುತ್ತದೆ ಎಂದು. ದೂರು ಕೊಟ್ಟವಳು ಸೊಸೆ.

ಚೀಟಿ ನೋಡಿದ ಕೂಡಲೇ ನನಗೆ ಕಾರಣ ತಿಳಿಯಿತು. ಒಂದು ಲೈನಿನಲ್ಲಿ ಬರುವ ಕರೆಂಟು ಒಂದು ಫೋನಿಗೆ ಸಾಕಾಗುವಷ್ಟು. ಎರಡನೆಯದನ್ನು ಎತ್ತಿದರೆ ಹಂಚಿಕೆಯಾಗುತ್ತದೆ, ದನಿ ಇಳಿಯುತ್ತದೆ. ಗಂಟೆ ಕಳಚಿದ್ದೆ, ತಂತಿ ಬಚ್ಚಿಟ್ಟಿದ್ದೆ, ದನಿ ಇಳಿಯುವುದನ್ನು ಮಾತ್ರ ನನ್ನಿಂದ ಮುಚ್ಚಲಾಗಿರಲಿಲ್ಲ. ಬೇರೆಯವರನ್ನು ಕಳಿಸಿದರೆ ಡಬ್ಬಿ ಬಿಚ್ಚಿ ನೋಡುತ್ತಾರೆ, ಕಾಯಿದೆ ಮೀರಿದ ತಂತಿ ಯಾರ ಕೈಯದು ಎಂದು ಕೇಳುತ್ತಾರೆ. ನಾನೇ ಹೋದೆ.

ಮಧ್ಯಾಹ್ನದ ಎರಡು ಗಂಟೆಯಿರಬೇಕು. ಅಂಗಳದಲ್ಲಿ ಹಾಸಿದ ಮೆಣಸಿನಕಾಯಿಯ ಘಾಟಿಗೆ ಬಾಗಿಲಲ್ಲೇ ಸೀನಿದೆ. ಸೊಸೆ ಓಡಿಬಂದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ರಾಣೆಬೆನ್ನೂರಿನ ಫೋನು ಕೂರಿಸಿದವನು ನಾನೇ ಎಂದು ವೈನಿ ಹೇಳಿದ್ದರಂತೆ. ಅದೊಂದೇ ಕಾರಣಕ್ಕೆ ನನ್ನನ್ನು ತವರಿನವನೆಂದೇ ಅಂದುಕೊಂಡಿದ್ದಳು.

"ಬರ್ರಿ ಅಣ್ಣಾರ, ಬರ್ರಿ. ಜರಾ ಲಗೂ ನೋಡ್ರಿ. ಮೂರಕ್ಕ ವೈನಿ ಫೋನ್ ಹಚ್ತಾರ. ಹ್ವಾದ ಸಲ ಅರ್ಧ ಮಾತು ಕೇಳಸಲೇ ಇಲ್ಲ. ಇವತ್ತ ಆರ್ಡರ್ ಬಂದೈತೋ ಇಲ್ಲೋ ಹೇಳ್ತಾರ."

"ಎಂಥಾ ಆರ್ಡರ್ ಅಕ್ಕಾರ?" ಕೇಳಬಾರದಿತ್ತು. ಕೇಳಿದೆ.

ಅವಳು ಒಳಗೊಮ್ಮೆ ನೋಡಿದಳು. "ಸಾಲಿ ನೌಕರೀದು," ಎಂದು ಪಿಸುಗುಟ್ಟಿದಳು. "ಹೊಸರಿತ್ತಿ ಕಡೆ ಒಂದು ಹಳ್ಳ್ಯಾಗ ಕನ್ನಡ ಸಾಲಿ. ಆರ್ಡರ್ ಬಂದ್ರ ಹದಿನೈದು ದಿನದಾಗ ಹಾಜರ್ ಆಗಬೇಕ್ರಿ. ತವರಿಗೆ ಅಂತ ಹೋಗಿ, ಅಲ್ಲಿಂದ ಹೋಗಿ ಹಾಜರಾಗಿಬಿಡ್ತೇನಿ. ಒಮ್ಮೆ ಹಾಜರಾದೆ ಅಂದ್ರ ಯಾರು ಏನ್ ಮಾಡ್ತಾರ, ಹೌದಲ್ಲೋ?" ಆಮೇಲೆ ನಾಲಿಗೆ ಕಚ್ಚಿಕೊಂಡಳು. "ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ ಮತ್ತ. ನಿಮಗ ಕೈ ಮುಗೀತೇನಿ."

"ನನ್ನ ಬಾಯಿಂದ ಹೊರಗ ಹೋಗಂಗಿಲ್ರಿ," ಎಂದೆ.

ಡಬ್ಬಿಯ ಮುಚ್ಚಳ ತೆಗೆದೆ. ಎರಡು ಸ್ಕ್ರೂ, ನಾಲ್ಕು ಎಳೆ. ಹೊರಗಿನಿಂದ ಬಂದವು ಎರಡು, ಒಳಕೋಣೆಗೆ ಹೋದವು ಎರಡು. ಒಳಗೆ ಹೋದ ಎಳೆಗಳಲ್ಲಿ ಒಂದನ್ನು ಸಡಿಲಿಸಿದರೆ ಸಾಕಿತ್ತು. ಇಕ್ಕಳ ಹಚ್ಚಿಯೂ ಆಗಿತ್ತು. ಇಲಿ ಕಡಿದಿತ್ತೆಂದು ಸಾವಕಾರರಿಗೆ ಹೇಳಬಹುದಿತ್ತು; ಇಲಿ ಇಲ್ಲದ ಮನೆ ಯಾವುದು? ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ ಆ ಫೋನು ಕಿವುಡಾಗಿದ್ದರೆ ಅವಳ ದಾರಿ ಅವಳಿಗೆ ಸಿಗುತ್ತಿತ್ತು.

ಅಷ್ಟರಲ್ಲಿ ಒಳಕೋಣೆಯಿಂದ ಅತ್ತೆ ಬಂದರು. ಬೀಪಿಯ ಲಕ್ಷಣ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ಕೈಯಲ್ಲಿ ಚುರುಮುರಿಯ ತಾಟು.

"ತಿನ್ನಪಾ. ನಮ್ಮ ಮನಿಯವ್ರು ನಿನ್ನೇನs ಹಾವೇರಿಗೆ ಹೋಗಿದ್ರು. ಸಾಹೇಬ್ರ ಮುಂದ ನಿನ್ನ ಹೆಸರು ಹೇಳ್ಯಾರಂತ. ಇನ್ನೇನ್, ಆದಂಗನs ಬಿಡು." ಹಾಗೆಂದು ಡಬ್ಬಿಯ ಕಡೆ ನೋಡಿದರು. ನನ್ನ ಇಕ್ಕಳದ ಕಡೆಯೂ ನೋಡಿದರು. ಹೋಗಲಿಲ್ಲ, ಅಲ್ಲೇ ಕುರ್ಚಿಯ ಮೇಲೆ ಕೂತರು.

ನಾನು ಇಕ್ಕಳವನ್ನು ಚೀಲಕ್ಕೆ ಹಾಕಿ ಸ್ಕ್ರೂಗಳನ್ನು ಇನ್ನೊಂದು ಸುತ್ತು ಬಿಗಿದೆ. ಮುಚ್ಚಳ ಹಾಕಿದೆ. "ಹೊರಗ ಕಂಬದ ಹತ್ರ ತಂತಿ ಜಂಗ್ ಹಿಡದೈತ್ರಿ ಅಕ್ಕಾರ. ಇಲಿನೂ ಸ್ವಲ್ಪ ಕಡದಾವು. ಒಮ್ಮೊಮ್ಮೆ ದನಿ ಸಣ್ಣ ಆಗತೈತಿ. ಅದಕ್ಕೇನ್ ಮಾಡಾಕ ಬರಂಗಿಲ್ಲ. ನೀವು ಜರಾ ಗಟ್ಟಿ ಮಾತಾಡ್ರಿ," ಎಂದೆ.

ಹೌದು, ಗಟ್ಟಿಯಾಗಿ ಮಾತಾಡು ಎಂದೆ. ಇಷ್ಟು ವರ್ಷದ ಮೇಲೂ ಆ ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ಅವಳು ತಲೆಯಾಡಿಸಿ, "ಆತು ಅಣ್ಣಾರ, ಭಾಳ ಉಪಕಾರ ಆತು," ಎಂದಳು. ನಾನು ಆ ಚುರುಮುರಿಯನ್ನು ಪೂರ್ತಿ ತಿಂದು ಮುಗಿಸಿಯೇ ಎದ್ದೆ.

ಮೂರು ಗಂಟೆಗೆ ವೈನಿಯ ಫೋನು ಬಂದಿರಬೇಕು. ಆರ್ಡರ್ ಬಂದಿತ್ತು. ಇದು ನನಗೆ ತಿಳಿದದ್ದು ರಾಣೆಬೆನ್ನೂರಿನ ಛಾಪಖಾನೆಯಲ್ಲಿ, ನಾಲ್ಕನೆಯ ದಿನ. ವೈನಿಗೆ ಖುಷಿ ತಡೆಯಲಾಗದೆ ನನಗೂ ಹೇಳಿ, ಬಾಯಿಗೆ ಬೆಲ್ಲ ಹಾಕಿದರು. ತಂಗಿಯನ್ನು ಕರೆತರಲು ಅವಳ ಅಣ್ಣ ಮರುದಿನವೇ ಹೊರಡುವವರಿದ್ದರು. ಹೋದರು. ಒಬ್ಬರೇ ತಿರುಗಿ ಬಂದರು.

ಆ ಮನೆಯಲ್ಲಿ ಯಾರೂ ಅವಳನ್ನು ಬೈದಿರಲಿಲ್ಲ, ಹೊಡೆದಿರಲಿಲ್ಲ, ನೌಕರಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಅತ್ತೆಗೆ ಇದ್ದಕ್ಕಿದ್ದಂತೆ ಹಳೆಯದೊಂದು ಹರಕೆ ನೆನಪಾಗಿತ್ತು, ಅಷ್ಟೇ. ಮದುವೆಯಾಗಿ ಮೂರು ವರ್ಷವಾದರೂ ಸೊಸೆಯ ಮಡಿಲು ತುಂಬಿಲ್ಲ. ಅದಕ್ಕೆ ಕದರಮಂಡಲಗಿಯ ಹನುಮಪ್ಪನಿಗೆ ಐದು ಶನಿವಾರ ನಡೆದುಕೊಳ್ಳಬೇಕು. ಐದೂ ಮುಗಿಯುವ ತನಕ ಸೊಸೆ ಬೇರೆ ಮನೆಯ ಊಟ ಉಣ್ಣುವಂತಿಲ್ಲ, ಬೇರೆ ಊರಲ್ಲಿ ರಾತ್ರಿ ತಂಗುವಂತಿಲ್ಲ. ದೇವರ ಕಾರ್ಯಕ್ಕೆ ಬೇಡವೆನ್ನಲು ತವರಿನ ಅಣ್ಣನಿಗೆ ಬಾಯಿ ಎಲ್ಲಿಂದ ಬರಬೇಕು? ಗಂಡನೆಂಬವನು ತನ್ನ ಅಪ್ಪನ ಬೆನ್ನ ಹಿಂದೆ ನಿಂತು ತನ್ನ ಉಗುರು ನೋಡಿಕೊಳ್ಳುತ್ತಿದ್ದನಂತೆ. ನೌಕರಿಗೆ ಹಾಜರಾಗುವ ಹದಿನೈದು ದಿನ ಎರಡನೆಯ ಶನಿವಾರಕ್ಕೇ ಮುಗಿದುಹೋಯಿತು. ಉಳಿದ ಮೂರು ಶನಿವಾರವನ್ನೂ ಅವರು ತಪ್ಪದೆ ಮಾಡಿಸಿದರು.

ಕೊಟ್ಟ ಮಾತು ನಾನು ಉಳಿಸಿಕೊಂಡಿದ್ದೆ, ನೋಡಿ. ಯಾರಿಗೂ ಹೇಳಿರಲಿಲ್ಲ. ಹೇಳುವ ಕೆಲಸವನ್ನು ತಂತಿಗೆ ಒಪ್ಪಿಸಿದ್ದೆ.

ಮುಂದೆ ಎರಡು ತಿಂಗಳಿಗೆ ಅವಳನ್ನು ಕಂಡೆ. ಸಾವಕಾರರ ಫೋನಿನ ಕೈಹಿಡಿ ಬಿದ್ದು ಒಡೆದಿತ್ತು, ಬದಲಿಸಲು ಹೋಗಿದ್ದೆ. ಅತ್ತೆ ಹಿತ್ತಲಲ್ಲಿದ್ದರು. ಹುಡುಗಿ ಇಳಿದುಹೋಗಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ಅದರ ಬದಲು ಒಂಥರಾ ಲೆಕ್ಕ ಹಾಕುವ ನೋಟವಿತ್ತು.

"ಅಣ್ಣಾರ, ಒಂದು ಮಾತ ಕೇಳ್ತೇನಿ. ಖರೇ ಹೇಳಬೇಕು. ನೌಕರಿ ವಿಷಯ ಗೊತ್ತಿದ್ದದ್ದು ನಮ್ಮ ಮೂರು ಮಂದಿಗೆ. ನನಗ, ವೈನಿಗೆ, ನಿಮಗ. ಅಣ್ಣಗೂ ವೈನಿ ಕಡೀಕ ಹೇಳಿದ್ದು. ನೀವೇನರ ನಮ್ಮ ಮಾವನ ಮುಂದ ಅಂದ್ರೇನು?"

"ಇಲ್ರಿ ಅಕ್ಕಾರ. ದೇವ್ರಾಣಿ ಇಲ್ಲ."

"ನಿಮ್ಮ ಮಗಳ ಆಣಿ ಮಾಡ್ರಿ."

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಅವಳ ಆಣೆ ಮಾಡಿದೆ. ಸುಳ್ಳಾಣೆಯಲ್ಲ, ಅಕ್ಷರ ಅಕ್ಷರ ಸತ್ಯ. ಮಾಡುವಾಗ ನನ್ನ ದನಿ ಕೂಡ ನಡುಗಲಿಲ್ಲ.

ಅವಳು ಒಡೆದ ಕೈಹಿಡಿಯನ್ನು ಎತ್ತಿ ಬದಿಗಿಟ್ಟಳು. ಆಮೇಲೆ, "ಹಂಗಾರ ವೈನೀನs," ಎಂದಳು. "ಆಕಿ ಬಾಯಾಗ ಮಾತ ನಿಲ್ಲಂಗಿಲ್ಲ ಅಂತ ಊರಿಗೇ ಗೊತ್ತೈತಿ. ಯಾರ ಮುಂದ ಹೇಳ್ಯಾಳೋ, ಅದು ಇಲ್ಲಿ ಮಟ ಬಂದೈತಿ. ತಾಯಿ ಅಂತ ನಂಬಿದ್ದೆ ನಾ ಆಕೀನ."

ಆಗಲಾದರೂ ಹೇಳಬೇಕಿತ್ತು. ಅವಳು ನಿಂತಲ್ಲಿಂದ ಕೈ ಚಾಚಿದರೆ ನಾನು ತಂತಿ ಬಚ್ಚಿಟ್ಟ ಆ ಕಿಟಕಿಯ ಚೌಕಟ್ಟು. ಬೆರಳು ತೋರಿಸಿದ್ದರೂ ಸಾಕಿತ್ತು, ಬಾಯಿ ತೆಗೆಯುವುದೂ ಬೇಡವಾಗಿತ್ತು. ಆದರೆ ಯಾದಿ ಮುಂದಿನ ವಾರ ಹೊರಡುವುದಿತ್ತು, ನನ್ನ ಹೆಸರು ಅದರಲ್ಲಿದೆ ಎಂದು ಕಾರಕೂನರು ಹೇಳಿದ್ದರು. ಕಳ್ಳ ತಂತಿ ಎಳೆದವನೆಂದು ಒಂದು ಕಾಗದ ಹೋದರೆ ಏಳು ವರ್ಷ ನೀರಿಗೆ. ನಾನು ಹೊಸ ಕೈಹಿಡಿ ಜೋಡಿಸಿ, "ಹಲೋ, ಹಲೋ" ಎಂದು ಪರೀಕ್ಷೆ ಮಾಡಿ, ಸಹಿ ಹಾಕಿಸಿಕೊಂಡು ಬಂದೆ.

ಯಾದಿ ಬಂತು. ಸಾವಕಾರರ ಮಾತಿನಿಂದ ಬಂತೋ, ಸರತಿಯಿಂದಲೇ ಬಂತೋ, ದೇವರೇ ಬಲ್ಲ. ಸರತಿಯಿಂದಲೇ ಬಂದಿದ್ದರೆ ನಾನು ಮಾಡಿದ್ದೆಲ್ಲ ಪುಕ್ಕಟೆ ಪಾಪ. ಹೆಂಡತಿ ಓಣಿಗೆಲ್ಲ ಪೇಢೆ ಹಂಚಿದಳು. ನನಗೆ ರಾಣೆಬೆನ್ನೂರಿನಲ್ಲಿ ಕಾಯಂ ಲೈನ್‌ಮನ್ ಕೆಲಸ ಸಿಕ್ಕಿತು. ಹೆಗಲಿಗೆ ಟೆಸ್ಟ್ ಫೋನು ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ಛಾಪಖಾನೆಯ ವೈನಿ ಎಕ್ಸ್‌ಚೇಂಜಿಗೆ ನಡೆದು ಬಂದರು. ಕೊಡೆ ಮಡಚಿ ಬಾಗಿಲ ಬದಿಗಿಟ್ಟು, ದೂರು ಬರೆದುಕೊಳ್ಳುವ ಮೇಜಿನೆದುರು ನಿಂತರು. ಆ ಹೊತ್ತಿಗೆ ಮೇಜಿನ ಹಿಂದೆ ಇದ್ದವನು ನಾನು.

"ನೀವs ಇದ್ದದ್ದು ಚಲೋ ಆತ್ರಿ. ನಮ್ಮ ಫೋನಿಗೆ ಏನೋ ಆಗೇತಿ. ಬ್ಯಾಡಗಿಗೆ ಹಚ್ತೇನಿ, ಗಂಟಿ ಹೊಡೀತೈತಿ, ಆಕಿ ಎತ್ತತಾಳ. 'ನಾನವಾ' ಅನ್ನೂದ್ರಾಗ ಕಟ್ ಆಗತೈತಿ. ಎರಡು ತಿಂಗಳಾತು ಹಿಂಗs."

"ಬ್ಯಾರೆ ಕಡೆ ಹಚ್ಚಿದ್ರ?"

"ಎಲ್ಲಾ ಕಡೆ ಹತ್ತತೈತ್ರಿ. ಹುಬ್ಬಳ್ಳಿಗೂ ಹತ್ತತೈತಿ. ಬ್ಯಾಡಗಿಗೆ ಅಷ್ಟs."

ಅವರ ಜೊತೆ ಹೋದೆ. ಹೋಗದೆ ಇರಲು ನೆವ ಹೊಳೆಯಲಿಲ್ಲ. ಛಾಪಖಾನೆಯ ಗೋಡೆಯ ಡಬ್ಬಿ ಬಿಚ್ಚಿ, ಎರಡೂ ಸ್ಕ್ರೂ ನೋಡಿ, ನಾನೇ ನಂಬರು ತಿರುಗಿಸಿದೆ. ಆ ಕಡೆ ಅವಳೇ ಎತ್ತಿದಳು. "ಹಲೋ, ಯಾರ್ರಿ?" ಎಂದಳು. ದನಿ ಪಕ್ಕದಲ್ಲಿ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು. ಈಗ ಒಳಕೋಣೆಯಲ್ಲಿ ಯಾರೂ ಫೋನೆತ್ತುತ್ತಿರಲಿಲ್ಲ. ಕೇಳುವಂಥ ಮಾತು ಆ ಮನೆಯಲ್ಲಿ ಉಳಿದಿರಲಿಲ್ಲ. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಬರುವುದು ಸಾಧ್ಯವಿರಲಿಲ್ಲ. ಕೆಲಸ ಕಾಯಂ ಆಗಿತ್ತು. ನಾನು "ಎಕ್ಸ್‌ಚೇಂಜಿನಿಂದ್ರಿ" ಎಂದಷ್ಟೇ ಹೇಳಿ ಫೋನನ್ನು ವೈನಿಯ ಕೈಗೆ ಕೊಟ್ಟೆ.

"ನಾನವಾ, ನಿಮ್ಮ ವೈ..."

ಕಟ್ ಆದ ಸದ್ದು ನನಗೂ ಕೇಳಿಸಿತು.

"ನೋಡಿದ್ರಿಲ್ಲೋ?" ಎಂದರು ಆಕೆ, ನನ್ನ ಮುಖವನ್ನೇ ನೋಡುತ್ತ. "ನಮ್ಮ ಮನಿಯವ್ರು ಆಕಿನs ಇಡತಾಳ ಅಂತಾರ. ಯಾಕ ಇಡತಾಳ್ರಿ? ನಾ ಆಕಿಗೇನ ಮಾಡೇನಿ? ಲೈನಿಂದs ಐತಲ್ರಿ ಇದು?"

ಕಾರಣ ತಿಳಿಯಲೆಂದಲ್ಲ, ತಮಗೆ ಬೇಕಾದ ಒಂದೇ ಒಂದು ಉತ್ತರಕ್ಕಾಗಿ ಕೇಳುತ್ತಿದ್ದರು.

"ಹೌದ್ರಿ. ಲೈನಿಂದs," ಎಂದೆ.

ಆಕೆಯ ಮುಖಕ್ಕೆ ರಕ್ತ ಬಂದಂತಾಯಿತು. "ನಾ ಹೇಳ್ಲಿಲ್ಲೇನು," ಎಂದು ಒಳಗಿದ್ದ ಗಂಡನಿಗೆ ಕೂಗಿ ಹೇಳಿದರು. ನನಗೆ ಚಹಾಕ್ಕೆ ಇಟ್ಟರು. ನಾನು ಪುಸ್ತಕದಲ್ಲಿ ದೂರು ಬರೆದುಕೊಂಡೆ.

ಮುಂದಿನ ಸೋಮವಾರ ಬಂದರು. ಅದರ ಮುಂದಿನ ಸೋಮವಾರವೂ ಬಂದರು. ದೀಪಾವಳಿಗೆ ಬಂದಾಗ ಒಂದು ಡಬ್ಬಿ ಕರದಂಟು ತಂದಿದ್ದರು, ನಾದಿನಿಗೆ ಕಳಿಸಲೆಂದು ಮಾಡಿದ್ದು, ಒಯ್ಯುವವರಿಲ್ಲವೆಂದು ನನಗೇ ಕೊಟ್ಟರು. ಬರುವುದು, ಮೇಜಿನೆದುರು ನಿಲ್ಲುವುದು, ಸೆರಗಿನಿಂದ ಬೆವರು ಒರೆಸಿಕೊಂಡು ಕೇಳುವುದು:

"ಸರಿ ಆತೇನ್ರಿ? ಇವತ್ತ ಹಚ್ಚಿ ನೋಡ್ಲೇನು?"

"ಇನ್ನೂ ಎರಡು ದಿನ ತಡೀರಿ ಅಕ್ಕಾರ," ಎನ್ನುತ್ತಿದ್ದೆ ನಾನು. "ಕೆಲಸ ನಡದೈತಿ."